ಮರುದಿನದ ಲೆಕ್ಕ

ಮಂಗಳವಾರ ಬುಕೋಮಿನಲ್ಲಿ ದೋಣಿ ಇಳಿಸುವಂತಿಲ್ಲ,
ಕಡಲಿಗೂ ಒಂದು ರಜೆ ಬೇಕಲ್ಲ.
ಗಂಡಸರೆಲ್ಲ ನನ್ನ ಕೆಂಕೆ ಹಂಡೆಯ ಪಕ್ಕದ ಬೆಂಚಿಗೆ ಬಂದು
ಸತ್ತ ನನ್ನ ತಮ್ಮನನ್ನು
ಮತ್ತೆ ರಿಂಗಿಗೆ ಇಳಿಸುತ್ತಾರೆ.

‘ಮೂವತ್ತೆಂಟು ಗೆಲುವು, ಒಪ್ಪಿದೆ. ಆದರೆ ಯಾರ ಮೇಲೆ?’
ಕೇಳುವವನು ಬಲೆ ಹೆಣೆಯುವ ಅಮಾರ್ಕೈ.
ತಮ್ಮ ಕೈಗವಸು ಕಳಚಿಟ್ಟ ಮೇಲೆ ಹುಟ್ಟಿದ ಹುಡುಗ.
‘ಅರ್ಧಕ್ಕರ್ಧ ಎದುರಾಳಿಗಳಲ್ಲ, ಕೂಲಿಯಾಳುಗಳು.
ಉಳಿದವು ಹಲ್ಲುದುರಿದ ಹುಲಿಗಳು.’

ನಾನು ಬಿಸಿ ಹಿಟ್ಟಿಗೆ ಜೋಳದ ಸಿಪ್ಪೆ ಸುತ್ತುತ್ತೇನೆ.
ನನ್ನ ಹತ್ತಿರವೂ ಒಂದು ಪಟ್ಟಿಯಿದೆ,
ಓದು ಬರಹ ಬಾರದವಳ ಪಟ್ಟಿ:
ಹೊಡೆದಾಟದ ಮರುದಿನ ಬೆಳಿಗ್ಗೆ
ಒಬ್ಲಿಟೈ ಏನು ತಿಂದ, ಎಷ್ಟು ತಿಂದ.

ಲೇಗೋಸಿನ ಬಂಗಾರದ ಹಲ್ಲಿನವ,
ಇಪ್ಪತ್ತಾರು ಸಲ ಸೋಲೇ ಕಾಣದವ,
ಡೋಲಿನವರನ್ನು ಕಟ್ಟಿಕೊಂಡು ಬಂದಿದ್ದ.
ಅವನ ಹೆಸರೆತ್ತಿದರೆ ಬೆಂಚು ಇವತ್ತಿಗೂ ನೆಟ್ಟಗೆ ಕೂರುತ್ತದೆ.
ಮರುದಿನ ತಮ್ಮ ಮೂರು ಉಂಡೆ ತಿಂದ,
ಕರಿದ ಮೀನು, ಹಸಿಮೆಣಸು ಅರೆದದ್ದು,
ತುಟಿ ಉರಿಯಿತು ಅನ್ನಲಿಲ್ಲ.

ಸೆಕೊಂಡಿ ಬಂದರಿನ ಹಮಾಲಿ ಎಬೋ ಕ್ರಾಂಪಾ.
ಗೆಲುವು ಎರಡು, ಸೋಲು ಹನ್ನೊಂದು.
ಬರಬೇಕಾದವನಿಗೆ ಜ್ವರ ಬಂತೆಂದು
ಎರಡೇ ದಿನ ಮುಂಚೆ ಕರೆ ಹೋಗಿ
ಲಾರಿಯಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ಬಂದ.
ಕಾಲಲ್ಲಿ ಯಾರದೋ ಶೂ.
ಪತ್ರಿಕೆ ಎರಡು ಸಾಲು ಬರೆಯಿತು,
ಅದರಲ್ಲೂ ಹೆಸರು ತಪ್ಪು.
ಮೂರು ದಿನ ನನ್ನ ತಮ್ಮ ಗಂಜಿ ಕುಡಿದ,
ಅದೂ ದವಡೆಯ ಒಂದೇ ಬದಿಯಿಂದ.
ಉಚ್ಚೆ ಕೆಂಪಗೆ.
‘ಅಕ್ಕಾ, ಅವನು ಪಕ್ಕೆಗೆ ಹೊಡೆಯುವಾಗ
ಮೂಟೆ ಇಳಿಸಿದ ಹಾಗೆ ಉಸಿರು ಬಿಡುತ್ತಾನೆ.
ನಿದ್ದೆಯಲ್ಲೂ ಕೇಳುತ್ತದೆ.’

ಲಿವರ್‌ಪೂಲಿನಲ್ಲಿ ಬಿದ್ದವನ ಬಗ್ಗೆ ಕೇಳಬೇಡಿ.
ನಾನಲ್ಲಿ ಇರಲಿಲ್ಲ,
ತಿಂದದ್ದು ಯಾರ ಮನೆಯ ಊಟವೋ.

ಇನ್ನು ಪಟ್ಟ ಸಿಕ್ಕ ರಾತ್ರಿಯ ಆ ಮುದುಕ.
ಮುದುಕ ಅನ್ನುತ್ತಾರೆ, ಮೂವತ್ತಾರು ಅವನಿಗೆ.
‘ಸುಲಭದ ತುತ್ತು’ ಅನ್ನುತ್ತದೆ ಬೆಂಚು.
ನಿಜ, ತಮ್ಮನ ಮೈಮೇಲೆ ಒಂದು ಗೀರೂ ಇರಲಿಲ್ಲ.
ಓಣಿಯೆಲ್ಲ ಕುಣಿಯುತ್ತಿತ್ತು,
ನಾನು ದೊಡ್ಡ ಮೀನನ್ನೇ ಎತ್ತಿಟ್ಟಿದ್ದೆ.
ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟಲಿಲ್ಲ.
ಏಳನೇ ಸುತ್ತಿನಲ್ಲಿ ತಬ್ಬಿ ಹಿಡಿದು ಆ ಮನುಷ್ಯ
ಕಿವಿಯಲ್ಲಿ ಹೇಳಿದನಂತೆ:
‘ಬೇಗ ಮುಗಿಸು ಮಗನೇ, ಎಡಗಣ್ಣು ಕಾಣಿಸುತ್ತಿಲ್ಲ.’

‘ಆಮೇಲೆ ನಾನು ಬಲಗೈಯಲ್ಲೇ ಹೊಡೆದೆ, ಅಕ್ಕಾ.’

ಇದಕ್ಕೆ ಯಾವ ತಕ್ಕಡಿ?
ಬೆಲ್ಟು ಗಾಜಿನ ಪೆಟ್ಟಿಗೆಯಲ್ಲಿದೆ,
ಉಪ್ಪುಗಾಳಿಗೆ ಹಸಿರು ಹಿಡಿದಿದೆ.

‘ನೀನೇ ಹೇಳು ಅಜ್ಜಿ, ಯಾರು ಅಸಲಿ?’
ಅಮಾರ್ಕೈ ಬೆರಳು ನೆಕ್ಕುತ್ತಾ ಕೇಳುತ್ತಾನೆ.
ಎಬೋ ಕ್ರಾಂಪಾ, ಅನ್ನುತ್ತೇನೆ.
ಯಾರದು? ಬೆಂಚು ನಗುತ್ತದೆ,
ಮತ್ತೆ ಲೇಗೋಸಿಗೆ ಹೊರಡುತ್ತದೆ.
ಹಿಂದಿನ ಬಾಕಿ ಸೇರಿಸಿ ದುಡ್ಡು ಕೇಳುತ್ತೇನೆ.

ಎಬೋ ಅಂದರೆ ಮಂಗಳವಾರ ಹುಟ್ಟಿದವನಂತೆ.
ಹೊಗೆಗೆ ಕಣ್ಣು ಒರೆಸುವಾಗ ಹೊಳೆಯುತ್ತದೆ:
ಅವನೂ ಅದೇ ಲಾರಿ ಹತ್ತಿ ಮನೆಗೆ ಹೋಗಿರಬೇಕು.
ಅಲ್ಲಿ ಅವನಿಗೆ ಗಂಜಿ ಕಾಯಿಸಿದ್ದು ಯಾರು?
ಎಷ್ಟು ದಿನ?